ಬೀಳುವ ವಿದ್ಯೆ

ಹೆಲ್ಸಿಂಗ್‌ಬೋರ್ಯ್, ಸ್ವೀಡನ್
14 ನವೆಂಬರ್ 2005

ಪ್ರೀತಿಯ ಹೊನ್ನಪ್ಪಣ್ಣಾ,

ಉಸಿರಾಟ ಈಗ ಹೇಗಿದೆ? ಮಲಗಿದರೆ ದಮ್ಮು ಕಟ್ಟುತ್ತದೆ, ದಿಂಬಿಗೊರಗಿ ಕೂತೇ ಇರುತ್ತೀಯ ಎಂದು ನಿನ್ನ ಮಗಳು ನಳಿನಿ ಫೋನಿನಲ್ಲಿ ಹೇಳಿದಳು. ಡಾಕ್ಟರು ಕೊಟ್ಟ ಗಡುವನ್ನೂ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ‘ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನ ಕಾಗದ ಈ ಮನೆಗೆ ಬೇಡ’ ಎಂದು ನೀನು ಕಾರ್ಡು ಹಾಕಿ ಇಪ್ಪತ್ತೆಂಟು ವರ್ಷವಾಯಿತು. ಹಟ ಮುಂದುವರಿಸುವಷ್ಟು ಆಯುಷ್ಯ ಈಗ ಇಬ್ಬರಿಗೂ ಇಲ್ಲ. ನಳಿನಿ ಕೈಲಿ ಓದಿಸು. ಬೈಯಬೇಕೆನಿಸಿದರೆ ಹತ್ತಿರ ಇರುವವಳು ಅವಳೇ.

ನಾನು ಮಗಳು ಪದ್ಮಿನಿಯ ಮನೆಯಲ್ಲಿದ್ದೇನೆ. ಅವಳಿಗೆ ಇಲ್ಲಿ ಪೀಠೋಪಕರಣ ಕಂಪನಿಯ ಆಫೀಸಿನಲ್ಲಿ ಕೆಲಸ. ಮೊಮ್ಮಗಳು ಪಾವನಾಳನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಟ್ಟು ಕರೆತರುವುದು ನನ್ನ ಉದ್ಯೋಗ. ಹೋದ ವಾರ ಅವಳು ನನ್ನ ಪೆಟ್ಟಿಗೆ ಕೆದಕಿ ಆ ಫೋಟೋ ತೆಗೆದಳು: ಕುಸ್ತಿ ಕಣದಲ್ಲಿ ರುಮಾಲು ಜಾರಿ ನಾನು ಅಂಗಾತ ಬಿದ್ದಿದ್ದೇನೆ, ಮೇಲೆ ಒಬ್ಬ ಬೊಜ್ಜಿನ ಬಿಳಿಯ. ಪತ್ರಿಕೆಯಲ್ಲಿ ನೋಡಿ ನೀನು ಉರಿದುಬಿದ್ದೆಯಲ್ಲ, ಅದೇ. ಮಗು ‘ಪೊ ಲೋಟ್ಸಾಸ್?’ ಎಂದು ಕೇಳಿತು. ಸುಮ್ಮನೆ ಆಟಕ್ಕಾ, ಅಂತ. ‘ಹೂಂ ಮರಿ’ ಅಂದೆ. ಅಣ್ಣಾ, ಆ ‘ಹೂಂ’ ನಾನು ಕಟ್ಟಿಕೊಂಡವಳಿಗೂ ಅವಳು ಸಾಯುವ ತನಕ ಹೇಳಲಿಲ್ಲ. ನಮ್ಮ ಕಸುಬಿನ ಆಣೆ ಅದು. ಐದು ವರ್ಷದವಳಿಗೆ ಹೇಳಿ ನಿನಗೆ ಹೇಳದಿದ್ದರೆ ಹೇಗೆ?

ಕೇಳು. ಇಂಗ್ಲೆಂಡಿನ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಬಟ್ಟೆ ಬದಲಿಸುವ ಕೋಣೆಯಲ್ಲೇ ಇತ್ಯರ್ಥ. ನಾನು ‘ಮಹಾರಾಜ’, ಕೆಟ್ಟವನು, ಸೋಲುವುದೇ ಕೆಲಸ. ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಎರಡು ಸಾವಿರದ ನೂರ ಹದಿನಾರು ಸೋಲು, ನಲವತ್ತು ಗೆಲುವು, ಅವೂ ಹೇಳಿಕೊಟ್ಟವೇ. ಶನಿವಾರ ಸಂಜೆ ನಾಲ್ಕಕ್ಕೆ, ಫುಟ್‌ಬಾಲ್ ಫಲಿತಾಂಶಕ್ಕೆ ಮುಂಚೆ, ಮನೆಮನೆಯ ಟೀವಿಯಲ್ಲೂ ನಾವೇ. ಬೋಲ್ಟನ್ನಿನಲ್ಲಿ ಅಜ್ಜಿಯರು ಹೆಣಿಗೆ ಕಡ್ಡಿಯಿಂದ ನನ್ನ ತೊಡೆ ಚುಚ್ಚಿ, ಆಟ ಮುಗಿದ ಮೇಲೆ ಬಾಗಿಲಲ್ಲಿ ಕಾದು ನಿಂತು ನೋವಾಯಿತೇ ಎಂದು ಮಿಠಾಯಿ ಕೊಡುತ್ತಿದ್ದರು. ಬರಬರುತ್ತ ಪಟ್ಟಿಗಿಂತ ಬೊಜ್ಜುಹೊಟ್ಟೆಯೇ ಪ್ರಧಾನವಾಯಿತು. ಪಟ್ಟು ಬಲ್ಲವರು ಹೊಟ್ಟೆಯವರಿಗೆ ಹಾಸಿಗೆಯಾದೆವು. ಜನ ಆಕಳಿಸಿದರು, ಎಂಬತ್ತೆಂಟರಲ್ಲಿ ಟೀವಿಯವರು ಕೈಬಿಟ್ಟರು, ಅಮೆರಿಕದ ಕುಸ್ತಿಯವರು ಬಾಣಬಿರುಸು ಹಚ್ಚಿಕೊಂಡು ಬಂದರು. ಸಾವಿರ ಕುರ್ಚಿ ತುಂಬುತ್ತಿದ್ದಲ್ಲಿ ಮುನ್ನೂರು, ಆಮೇಲೆ ಅರವತ್ತು. ತೊಂಬತ್ತೆರಡರಲ್ಲಿ ಕಡಲತೀರದ ರಜಾ ಶಿಬಿರವೊಂದರಲ್ಲಿ ನಾನು ಕಡೆಯ ಸಲ ಬಿದ್ದಾಗ ಹದಿನೇಳು ಜನ ಇದ್ದರು. ಅದರಲ್ಲಿ ನಾಲ್ವರು ಮಳೆಗೆ ಒಳಬಂದವರು. ಆಮೇಲೆ ಜೊತೆಗಾರರ ಅಂತ್ಯಕ್ರಿಯೆಗಳಿಗೆ ಹೋದೆ. ಅಲ್ಲಿ ಅಷ್ಟೂ ಇರುತ್ತಿರಲಿಲ್ಲ.

ನಿನ್ನ ತಮ್ಮ ಕೈಲಾಗದೆ ಬಿದ್ದವನಲ್ಲ. ಇಷ್ಟು ನಿನ್ನ ಕಿವಿಗೆ ಬಿದ್ದರೆ ಸಾಕೆಂದು ಬರೆಯಲು ಕೂತೆ.

ಅತ್ತಿಗೆಗೆ ನಮಸ್ಕಾರ, ನಳಿನಿಗೆ ಹರಕೆ. ಔಷಧಿಯ ಮೇಲೆ ಸಿಟ್ಟು ತೋರಿಸಬೇಡ.

ನಿನ್ನ ತಮ್ಮ,
ಕೆಂಚಪ್ಪ

ಮರೆತ ಮಾತು: ನಳಿನಿ, ಇಲ್ಲಿಗೆ ನಿಲ್ಲಿಸಿ ಕಾಗದ ಅಪ್ಪನ ಕೈಗೇ ಕೊಡವ್ವಾ. ಅಣ್ಣಾ, ಇಂಗ್ಲೆಂಡಿಗೆ ಒಬ್ಬನನ್ನೇ ಕರೆದೊಯ್ಯುವುದೆಂದು ಏಜೆಂಟ್ ಹೇಳಿದಾಗ, ಗೆದ್ದವನು ಹೋಗಲಿ ಎಂದು ನಮ್ಮಪ್ಪ ನಮ್ಮಿಬ್ಬರನ್ನೇ ಗರಡಿಗೆ ಇಳಿಸಿದರು. ನೀನು ಬಿದ್ದೆ. ಇಂಗ್ಲೆಂಡಿನಲ್ಲಿ ಮೊದಲ ವಾರ ಕಲಿಸಿದ್ದು ಬೀಳುವುದನ್ನೇ: ಮನಸ್ಸು ಮಾಡಿ ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾನೆ, ಅಂಗೈಯನ್ನು ಮೊದಲು ನೆಲಕ್ಕೆ ಕೊಡುತ್ತಾನೆ. ನಿಜವಾಗಿ ಬೀಳುವವನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಅಂದು ಗರಡಿಯಲ್ಲಿ ನಿನ್ನ ಗದ್ದ ಎದೆಗೆ ಒತ್ತಿತ್ತು. ಮೂವತ್ತೊಂಬತ್ತು ವರ್ಷದಿಂದ ಗೊತ್ತು, ಕೇಳಲಿಲ್ಲ. ಕೇಳಿದ್ದರೆ ನನ್ನದೆನ್ನುವ ಒಂದು ಗೆಲುವೂ ಉಳಿಯುತ್ತಿರಲಿಲ್ಲ. ಈ ತಿಂಗಳ ಮೂವತ್ತಕ್ಕೆ ಊರಿಗೆ ಟಿಕೆಟ್ ಆಗಿದೆ. ಒಳಗೆ ಕರೆಯದಿದ್ದರೆ ಜಗಲಿಯ ಮೇಲೆ ಕೂರುತ್ತೇನೆ. ಅಲ್ಲಿಯತನಕ ಇರು.