ಕೊಟ್ಟೂರಿನಲ್ಲಿ ನಿಲ್ಲದ ವ್ಯಾನು

ಹರಪನಹಳ್ಳಿ
೯ ಫೆಬ್ರುವರಿ ೨೦೨೫

ಪ್ರೀತಿಯ ಗುಲಫಶಾ,

ನಿನ್ನ ರೇಣುಕಾಳ ಸಲಾಮು. ಹಡಗಲಿಯಲ್ಲಿ ನೀನು, ಮನೆಯವರು, ಮಕ್ಕಳು ಹೇಗಿದ್ದೀರಿ? ನಿಮ್ಮ ಅಬ್ಬಾ ತೀರಿಹೋಗಿ ನಲವತ್ತು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ. ಮಣ್ಣಿಗೂ ಬರಲಿಲ್ಲ. ಇಲ್ಲಿಂದ ನಿನ್ನ ತವರು ಕೊಟ್ಟೂರಿಗೆ ಒಂದು ತಾಸಿನ ದಾರಿ. ಮೊಣಕಾಲು ನೋವು ಎಂದು ಫೋನಿನಲ್ಲಿ ಅಂದಿದ್ದೆನಲ್ಲ, ಮೊಣಕಾಲು ಗಟ್ಟಿಮುಟ್ಟಾಗಿಯೇ ಇದೆ. ಬಯ್ಯಬೇಕು ಅನಿಸಿದರೆ ಬಯ್ಯಿ, ಆದರೆ ಪೂರ್ತಿ ಓದಿದ ಮೇಲೆ.

ಜೊತೆಗೊಂದು ಸಿ.ಡಿ. ಕಳಿಸಿದ್ದೇನೆ. ನಮ್ಮ ಮಿಷನ್ ಕಾಲೇಜಿನ ಕ್ವಾಯರ್‌ಗೆ ನೂರು ವರ್ಷ ತುಂಬಿತೆಂದು ಮಾಡಿಸಿದ ರೆಕಾರ್ಡಿಂಗ್. ಇಂಗ್ಲೆಂಡಿನ ಪಾದ್ರಿಗಳು ಬಿಟ್ಟುಹೋದ ಆಂಗ್ಲಿಕನ್ ಪದ್ಧತಿಯ ಸಂಜೆ ಆರಾಧನೆಯ ಹಾಡುಗಳು, ಆರ್ಗನ್ ಸಮೇತ ಎಲ್ಲ ಇವೆ. ಈಗ ಕ್ವಾಯರ್ ನಡೆಸುವವಳು ನಾನೇ ಕಣೇ! ಹೊಸಹಳ್ಳಿಯ ಕುರಿ ಉಚ್ಚಂಗೆಪ್ಪನ ಮಗಳು ಬೆಳಿಗ್ಗೆ ಊರಮ್ಮನಿಗೆ ಕಾಯಿ ಒಡೆದು ಸಂಜೆ ಚರ್ಚಿನಲ್ಲಿ ಕೈ ಬೀಸುತ್ತಾಳೆ. ಆಗ ಕ್ವಾಯರ್ ನಡೆಸುತ್ತಿದ್ದ ನಮ್ಮ ಜೀವರತ್ನಂ ಸರ್ ಇದ್ದಿದ್ದರೆ ಮೀಸೆಯಲ್ಲೇ ನಗುತ್ತಿದ್ದರು.

ಎರಡು ಸಾಲು ಎದುರುಬದುರು ನಿಂತು ಕೀರ್ತನೆ ಹಾಡುತ್ತಿದ್ದುದು ನೆನಪಿದೆಯಾ? ಒಂದು ಚರಣ ಅವರದು, ಒಂದು ನಮ್ಮದು. ಪ್ರತಿ ಚರಣದ ನಡುವೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡು ಒಂದು ಗಳಿಗೆ ಸುಮ್ಮನಾಗಬೇಕು. "ಆ ಸುಮ್ನಿರೋದೂ ಹಾಡೇ ಐತ್ರವ್ವಾ" ಎನ್ನುತ್ತಿದ್ದರು ಸರ್. ನನಗೆ ಅಲ್ಲಿ ನಿಲ್ಲಲು ಬರುತ್ತಿರಲಿಲ್ಲ, ಮುಂದೆ ಹಾರುತ್ತಿದ್ದೆ. ನೀನು ಪಕ್ಕದಿಂದ ಚಿವುಟುತ್ತಿದ್ದೆ. ಈಗ ನನ್ನ ಹುಡುಗಿಯರು ಹಾರಿದರೆ ನಾನೇ ಕಣ್ಣು ಬಿಡುತ್ತೇನೆ.

ಸಿ.ಡಿ.ಯ ಕೊನೆಯ ಹಾಡು ಹಳೆಯದು. ತೊಂಬತ್ತಮೂರರ ಕ್ರಿಸ್‌ಮಸ್ ರಜೆಯಲ್ಲಿ ಬಳ್ಳಾರಿಗೆ ಹೋಗಿ ಹಾಡಿದ ಕ್ಯಾಸೆಟ್ಟಿನದು. ಅದರ ಮೊದಲ ಚರಣ ಒಬ್ಬಳೇ ಹಾಡುವುದು, ಸರ್ ಅದನ್ನು ನಿನಗೆ ಕೊಟ್ಟಿದ್ದರು. ನೀನು ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ವ್ಯಾನು ಹತ್ತಬೇಕಿತ್ತು. ಹತ್ತಲಿಲ್ಲ, ನಾನು ಹಾಡಿದೆ. ಜನವರಿಯಲ್ಲಿ ಹಾಸ್ಟೆಲ್ಲಿಗೆ ಬಂದವಳು ನೀನು ಕ್ವಾಯರ್ ಬಿಟ್ಟೆ. ವ್ಯಾನು ಯಾಕೆ ನಿಲ್ಲಲಿಲ್ಲ ಎಂದು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.

ಕಾಲೇಜಿನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಉಳಿದಿದ್ದು ನಿಮ್ಮ ಅಬ್ಬಾನ ಹತ್ತಿರ ಒಂದೇ. ನವೆಂಬರಿನಲ್ಲಿ ಕೇಳಲು ಹೋದೆ. ತಮ್ಮ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಸಿ ಚಹಾ ತರಿಸಿದರು. ಟೇಪ್ ರೆಕಾರ್ಡರಿನ ಧೂಳು ಅಂಗಿಯಿಂದಲೇ ಒರೆಸಿ ಕ್ಯಾಸೆಟ್ ಹಾಕಿದರು. ನನ್ನ ದನಿಯನ್ನು ನಾನೇ ತಲೆ ತಗ್ಗಿಸಿ ಕೇಳಿದೆ.

"ಇದು ನನ್ ಮಗಳ ದನಿ ಅಲ್ಲವ್ವ" ಅಂದರು.

ನಾನು ಲೋಟ ಕೆಳಗಿಟ್ಟೆ.

"ಆಕಿ ಇಲ್ಲೇ ಕುಂತು ಹಾಡ್ತಿದ್ಲು. ನಡುವ ಉಸುರು ತಗೊಂಡು ನಿಲ್ತಿದ್ಲು, ನಾನೂ ನಟ್ಟು ತಿರುವೋದು ಬಿಟ್ಟು ಪಾನಾ ಹಿಡಕಂಡು ನಿಲ್ತಿದ್ದೆ. ಈ ಹುಡುಗಿಗೆ ಅವಸರ ಐತಿ. ಇಂಜಿನ್ ಸಪ್ಪಳ ಕೇಳೇ ರೋಗ ಹೇಳಾಂವ ನಾನು, ಮಗಳ ದನಿ ಗೊತ್ತಾಗಂಗಿಲ್ಲೇನು?"

"ಮತ್ಯಾಕ ಎಲ್ಲಾರಿಗೂ ಮಗಳ ಹಾಡು ಅಂತ ಕೇಳಿಸ್ತಿದ್ರಿ ಚಾಚಾ?"

"ಆವತ್ತು ಸಂಜಿಕ ಮನಿಗೆ ಬಂದು 'ಹಾಡಿ ಬಂದೆ ಅಬ್ಬಾ' ಅಂದ್ಲು. ಹೂವಿನ ಗಾಳೆಮ್ಮ ಆಗಲೇ ಬಂದು ಹೇಳಿದ್ಲು, ನಿನ್ ಮಗಳು ಹೊತ್ತು ಮುಣುಗೋತನ ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ಲು ಅಂತ. ನನಗ ಗೊತ್ತೈತಿ ಅಂದ್ರ ಆಕಿ ಮುಖ ಎಲ್ಲಿ ಇಟ್ಕಂಬೇಕು? ಹೂಂ ಅಂದೆ. ಕ್ಯಾಸೆಟ್ ಬಂದ ಮ್ಯಾಲೆ ಗಿರಾಕಿಗೆಲ್ಲಾ ಕೇಳಿಸಿದೆ. ಆಕಿ ಹೇಳಿದ ಮಾತು ಸುಳ್ಳಾಗಬಾರ್ದು ನೋಡು."

ಮೂವತ್ತೊಂದು ವರ್ಷ, ಗುಲಫಶಾ. ಅಬ್ಬಾನಿಗೆ ಮೋಸ ಮಾಡಿದೆ ಎಂದು ನಿನಗೆ ಎಂದಾದರೂ ಅನಿಸಿದ್ದರೆ ಆ ಭಾರ ಇಳಿಸಿಬಿಡು. ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಇದನ್ನು ಅವರು ಇದ್ದಾಗಲೇ ನಿನಗೆ ಹೇಳಬೇಕಿತ್ತು.

ಇನ್ನೊಂದು ಮಾತು. ಕ್ಯಾಸೆಟ್ಟಿನ ಮೇಲೆ ಅಬ್ಬಾ ತಮ್ಮ ಕೈಯಾರೆ "ಗುಲಫಶಾ ಹಾಡಿದ್ದು" ಎಂದು ಬರೆದಿದ್ದರು. ರೆಕಾರ್ಡಿಂಗ್ ಕೆಲಸ ನೋಡಿಕೊಂಡ ನಮ್ಮ ಲೆಕ್ಚರರ್ ಪ್ರವೀಣಕುಮಾರ್ ಅದನ್ನೇ ಸಿ.ಡಿ.ಯ ಕವರಿನ ಮೇಲೆ ಅಚ್ಚು ಹಾಕಿಸಿದ. ಅಚ್ಚಿಗೆ ಮೊದಲು ನನಗೆ ತೋರಿಸಿದ್ದ, ತಿದ್ದಲು ಕೈ ಬರಲಿಲ್ಲ. ಈ ತಿಂಗಳ ಇಪ್ಪತ್ತಮೂರಕ್ಕೆ ಬಿಡುಗಡೆ. ಸಿ.ಡಿ.ಗಳೆಲ್ಲ ನನ್ನ ಬೀರುವಿನಲ್ಲಿವೆ. ಹೆಸರು ಇರಲೋ ಹೋಗಲೋ, ನೀನು ಹೇಳು. ನೀನು ಹೇಳುವವರೆಗೆ ಒಂದೂ ಹೊರಗೆ ಹೋಗುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆಯ ದೀಪ ಚೆನ್ನಾಗಿ ಉರಿಯಲಿ.

ನಿನ್ನ
ರೇಣುಕಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ವ್ಯಾನು ನಿಲ್ಲದಂತೆ ಮಾಡಿದವಳು ನಾನು. "ಗುಲಫಶಾನ ಮನ್ಯಾಗ ಬ್ಯಾಡ ಅಂದ್ರಂತ್ರಿ ಸರ್, ಚರ್ಚಿನ ಹಾಡಂತ" ಎಂದು ಹೊರಡುವಾಗ ಹೇಳಿದೆ. ಆ ಚರಣ ನನಗೆ ಬೇಕಾಗಿತ್ತು, ಅಷ್ಟೇ. ಸಾಬರ ಮನೆ ಎಂದು ವ್ಯಾನಿನಲ್ಲಿ ಎಲ್ಲರೂ ನಂಬಿದರು. ಒಬ್ಬರಾದರೂ "ಹೌದಾ?" ಎನ್ನಲಿಲ್ಲ. ಎನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಟ್ಟೂರಿನಲ್ಲಿ ನೀನು ಕೈ ಎತ್ತಿದ್ದು ಕಿಟಕಿಯಿಂದ ಕಂಡಿತು. ನಾನು ಹಾಡಿನ ಪುಸ್ತಕ ಬಿಡಿಸಿಕೊಂಡೆ.

ಆವತ್ತು ಗ್ಯಾರೇಜಿನಿಂದ ಹೊರಡುವಾಗ ಅಬ್ಬಾ ಕೇಳಿದರು, "ಈ ಅವಸರದ ಹುಡುಗಿ ಯಾರವ್ವ?" "ಗೊತ್ತಿಲ್ರಿ ಚಾಚಾ" ಅಂದೆ. "ಇರ್ಲಿ, ಚೆಂದ ಹಾಡ್ಯಾಳ. ಯಾರ ಮಗಳೋ ಏನೋ, ಅಲ್ಲಾ ಆಕಿನ್ನ ಚೊಲೋ ಇಟ್ಟಿರ್ಲಿ" ಎಂದು ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟರು.