ಕೆರೆಬೀದಿಯ ಮೂರು ಮೆಟ್ಟಿಲು

ಎದುರುಮನೆಯ ಬಾಷಾ ಚಾಚಾ ಅವರಿಗೆ,

ನೀವು ಹೋದ ಮೇಲಿನ ಒಂದು ಸುದ್ದಿ ನಿಮಗೆ ಹೇಳಬೇಕಾಗಿದೆ. ಅದಕ್ಕೂ ಮೊದಲು ತಪ್ಪೊಪ್ಪಿಕೊಳ್ಳಬೇಕು. ಅದೇ ಕಷ್ಟವಾಗಿ ಇಷ್ಟು ದಿನ ಮುಂದೂಡುತ್ತಾ ಬಂದೆ.

ಸಂಜೆ ರೇಷ್ಮೆ ನೂಲು ತೆಗೆಯುವ ಕೆಲಸ ಮುಗಿಸಿ, ಬಿಸಿನೀರಿಗೆ ಸುಕ್ಕುಗಟ್ಟಿದ ಬೆರಳುಗಳನ್ನು ಲುಂಗಿಗೆ ಒರೆಸುತ್ತಾ, ನಿಮ್ಮ ಮನೆಯ ಮೂರು ಕಲ್ಲುಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಿರಿ. ನನಗಾಗ ಎಂಟೋ ಒಂಬತ್ತೋ. ಶಿಡ್ಲಘಟ್ಟದ ಈ ಕೆರೆಬೀದಿ ಹುಟ್ಟಿದ್ದೇ ನೂಲಿನವರಿಂದ ಎಂದು ಹೇಳಿದವರು ನೀವೇ. ರೇಷ್ಮೆಗೂಡು ಬೇಯಿಸಲು ನೀರು ಬೇಕೆಂದು ನಿಮ್ಮ ಅಬ್ಬಾ ಕೆರೆಯ ಮಗ್ಗುಲಿಗೇ ಮನೆ ಕಟ್ಟಿದರಂತೆ, ನೀರಿಗೆ ಹೆದರಿ ತಳಪಾಯ ಎತ್ತರಿಸಿದರಂತೆ. ನಾನು ಕಂಡ ಕೆರೆಯಲ್ಲಿ ಬರೀ ಜಾಲಿಗಿಡ.

"ಅಲ್ಲೇನ್ ನೋಡ್ತೀರಾ ಚಾಚಾ?"

"ನೀರು ಬರ್ತೈತೆ ಬೇಟಿ. ನಾನ್ ಚಿಕ್ಕವನಿದ್ದಾಗ ಈ ಎರಡನೇ ಮೆಟ್ಲುಗಂಟ ಬಂದಿತ್ತು."

ನಾವೆಲ್ಲ ನಗುತ್ತಿದ್ದೆವು.

ಆಮೇಲೆ ಬೋರ್‌ವೆಲ್ ಬಂತು. ಗೂಡು ಬೇಯಿಸುವ ಒಲೆಗಳು ಒಂದೊಂದಾಗಿ ಆರಿದವು. ನೂಲಿನ ಮನೆಗಳು ಬೇಕರಿ, ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್ ಆದವು. ಹನಿ ನೀರಿಲ್ಲದ ಕಾಲದಲ್ಲೇ ಯಾರೋ ಪುಣ್ಯಾತ್ಮರು 'ಲೇಕ್ ವ್ಯೂ ರಸ್ತೆ' ಎಂದು ಬೋರ್ಡು ನೆಟ್ಟರು. ನಾನು ಕಾರು ಕೊಂಡೆ.

ಸಿಮೆಂಟು ರಸ್ತೆ ಹಾಕುವಾಗ ನಿಮ್ಮ ಬಳಿ ಬಂದದ್ದು ನೆನಪಿದೆಯೇ? ಕಾರು ತಿರುಗಿಸಲು ನಿಮ್ಮ ಮೆಟ್ಟಿಲು ಅಡ್ಡ ಎಂದೆ. ನೀವು ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿದಿರಿ. "ತೆಗ್ಸಮ್ಮ. ನಿನ್ ಗಾಡಿ ಮನೆಗೆ ಬರ್ಬೇಕಲ್ಲ." ಜಗಳವಾಡಬಾರದಿತ್ತೇ ಚಾಚಾ? ಒಂದು ಮಾತು ಬೈದಿದ್ದರೆ...

ಮೆಟ್ಟಿಲಿನ ಬದಲು ಹತ್ತಿಳಿಯಲೆಂದು ನಾನು ತಂದಿಟ್ಟ ಬೆಂಚನ್ನು ನಿಮ್ಮ ಮಂಡಿನೋವು ಒಪ್ಪಲಿಲ್ಲ. ಬೀದಿಗೆ ಇಳಿಯುವುದನ್ನೇ ಬಿಟ್ಟಿರಿ. ಬಾಗಿಲ ಒಳಗಿಂದ ಕೆರೆ ಕಾಣುವುದಿಲ್ಲ, ನನ್ನ ಕಾರು ಕಾಣುತ್ತಿತ್ತು. ಅದಕ್ಕೇ ದಿನಾ ಕೈ ಬೀಸುತ್ತಿದ್ದಿರಿ. ಕೊನೆಗೆ ನಿಮ್ಮನ್ನು ಕೆಳಗಿಳಿಸಿದ್ದು ನಾಲ್ಕು ಜನರ ಹೆಗಲು.

ಸುದ್ದಿ ಇದು. ನೀವು ಹೋದ ಮುಂದಿನ ಮಳೆಗಾಲ ಕೆರೆ ಕೋಡಿ ಬಿತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಬೀದಿಯೆಲ್ಲ ನೀರು. ಕಾರಿನ ಸೀಟು ಮುಳುಗಿತ್ತು. ನೀರು ನುಗ್ಗದೆ ಉಳಿದ ಮನೆ ನಿಮ್ಮದೊಂದೇ. ಚಾಚಿ ಬಾಗಿಲಲ್ಲಿ ನಿಂತು, "ಬನ್ರಮ್ಮ, ಎಲ್ರೂ ಒಳಗ್ ಬನ್ನಿ" ಎಂದು ಕರೆಯುತ್ತಿದ್ದರು. ನನ್ನ ಅಮ್ಮನಿಗೆ ಹತ್ತಲಾಗಲಿಲ್ಲ, ಮೂವರು ಸೇರಿ ಎತ್ತಿದೆವು. "ಮೆಟ್ಲಿದ್ದಿದ್ರೆ..." ಎಂದು ಅಮ್ಮ ಶುರು ಮಾಡಿದರು. ಚಾಚಿ ನನ್ನ ಮುಖ ನೋಡದೆ ಚಹಾ ಇಡಲು ಹೋದರು. ನೀರು ಇಳಿದ ಮೇಲೆ ನೋಡಿದೆ. ಕಿತ್ತ ಎರಡನೇ ಮೆಟ್ಟಿಲ ಗುರುತಿನವರೆಗೆ ಗೋಡೆ ಒದ್ದೆಯಾಗಿತ್ತು.

ಮೆಟ್ಟಿಲು ಮತ್ತೆ ಕಟ್ಟಿಸಿದ್ದೇನೆ, ಮೂರೂ. ಕಾರು ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ನಾನು ಬದುಕಿರುವತನಕ ಇವನ್ನು ಯಾರೂ ಮುಟ್ಟುವುದಿಲ್ಲ, ಇದು ನನ್ನ ಮಾತು. ಸಂಜೆ ಚಾಚಿ ಮೇಲಿನ ಮೆಟ್ಟಿಲಲ್ಲಿ ಕೂತು ಕೆರೆ ನೋಡುತ್ತಾರೆ. ನಿನ್ನೆ ನಾನೂ ಹೋಗಿ ಅವರ ಪಕ್ಕದಲ್ಲಿ ಕೂರಲು ಹೊರಟೆ. ಚಾಚಿ ತಮ್ಮ ಪಕ್ಕದ ಜಾಗಕ್ಕೆ ಕೈ ಅಡ್ಡ ಹಿಡಿದು, ಕೆಳಗಿನ ಮೆಟ್ಟಿಲಲ್ಲಿ ಕೂರಲು ಸನ್ನೆ ಮಾಡಿದರು.

"ಇಲ್ಲಿ ಬೇಡಮ್ಮ. ಇದು ಅವ್ರ ಜಾಗ."