ಹಸಿರಿನಲ್ಲಿ ಹಳದಿ

ಮಾರ್ಚ್ 3, ಸೋಮವಾರ

ಮಿಲ್ಲಿನ ಲ್ಯಾಬಿಗೆ ಆರು ನಾರಿನ ಸ್ಯಾಂಪಲ್. ನಾಲ್ಕು ಪಾಲಿಯೆಸ್ಟರ್, ಒಂದು ಎರಡೂ ಬೆರೆತ ಮಿಕ್ಸ್, ಒಂದೇ ಒಂದು ಹತ್ತಿ. ಹತ್ತಿಯನ್ನು ಕೊನೆಗೆ ಇಟ್ಟುಕೊಂಡೆ. ಎರಡು ಹೆಬ್ಬೆರಳ ನಡುವೆ ಎಳೆದು, ಎಳೆಯ ಉದ್ದ ಕಣ್ಣಳತೆಯಲ್ಲೇ ಹೇಳಿ, ಆಮೇಲೆ ಮಷೀನಿಗೆ ಕೊಟ್ಟೆ. ಸರಿಯಾಗಿತ್ತು. ಇಪ್ಪತ್ತೆರಡು ವರ್ಷದ ಕೈ. ಪಾಲಿಯೆಸ್ಟರಿಗೆ ಈ ಕೈ ಬೇಕಾಗಿಲ್ಲ. ಹುಟ್ಟುವಾಗಲೇ ಎಲ್ಲ ಎಳೆಯೂ ಒಂದೇ ಉದ್ದ.

ಹನ್ನೊಂದಕ್ಕೆ ಮೀಟಿಂಗ್. ಮ್ಯಾನೇಜರ್ ಗೋಡೆಗೆ ಹೊಸ ಗ್ರಾಫ್ ಅಂಟಿಸಿದ್ದರು. ಬೆನ್ನ ಹಿಂದೆ ಅವರಿಗೆ ಗ್ರಾಫ್ ಸಾಹೇಬರು ಎಂದೇ ಹೆಸರು. ಹತ್ತಿ ಬೆಳೆಯುವ ಎರಡು ದೊಡ್ಡ ದೇಶಗಳಲ್ಲಿ ಬೆಳೆ ಕೈಕೊಟ್ಟಿದೆ, ಬೆಲೆ ಮೇಲೆ. ಕಚ್ಚಾ ತೈಲ ಇಳಿದಿದೆ, ಅದರಿಂದಾಗುವ ಪಾಲಿಯೆಸ್ಟರೂ ಕೆಳಗೆ.

“ಪ್ರಪಂಚದಲ್ಲಿ ಹತ್ತು ಕೆಜಿ ನಾರು ತಯಾರಾದ್ರೆ ಅದರಲ್ಲಿ ಹತ್ತಿ ಎರಡು ಚಿಲ್ಲರೆ ಕೆಜಿ ಅಷ್ಟೇ. ನಾವೊಬ್ರೇ ಹಠ ಹಿಡಿದು ಕೂತ್ರೆ ಆಗುತ್ತಾ?”

ನೂಲು ತೆಗೆಯುವ ಹನ್ನೆರಡು ಲೈನಿನಲ್ಲಿ ಒಂಬತ್ತು ಇನ್ನು ಮಿಕ್ಸ್. ಹತ್ತಿಗೆ ಮೂರು. ನನ್ನ ಗಂಡ ಕೆಲಸ ಮಾಡುವ ಲೈನ್ ಸದ್ಯ ಆ ಮೂರರಲ್ಲಿ ಉಳಿದಿದೆ. ಸಾಹೇಬರು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಾರ್ಚ್ 12, ಬುಧವಾರ

ಸ್ಟೋರಿನ ಮಾವ ಬೀಗದ ಗೊಂಚಲು ಕುಲುಕುತ್ತಾ ಲ್ಯಾಬಿಗೆ ಬಂದ. ಅಮ್ಮನ ತಮ್ಮ. ನನ್ನನ್ನು ಈ ಮಿಲ್ಲಿಗೆ ಸೇರಿಸಿದವನೂ ಅವನೇ. ಮಿಲ್ಲಿನವರೆಲ್ಲ ಮಾವ ಎಂದೇ ಕರೆಯುವುದು.

“ಹಳದಿ ಖಾಲಿ ಕಣಮ್ಮ.”

ನೂಲು ಸುತ್ತುವ ಕಾಗದದ ಕೋನಿನ ತುದಿಗೆ ಬಣ್ಣ ಇರುತ್ತದೆ. ಶುದ್ಧ ಹತ್ತಿಗೆ ಹಸಿರು, ಮಿಕ್ಸಿಗೆ ಹಳದಿ. ಹೊಸದಾಗಿ ಸೇರಿದವರಿಗೆ ಮೊದಲ ದಿನದ ಪಾಠವೇ ಇದು. ನೂಲಿನ ಮಾತಾದರೆ ಕೆಲಸಗಾರರ ಬಾಯಲ್ಲಿ ಹತ್ತಿ, ಮಿಕ್ಸ್ ಎಂದು ಬರುವುದಿಲ್ಲ, ಹಸಿರು, ಹಳದಿ ಎಂದೇ ಬರುತ್ತದೆ. ಒಂಬತ್ತು ಲೈನ್ ಮಿಕ್ಸ್ ಆದ ಮೇಲೆ ಹಳದಿ ಕೋನು ಮುಗಿಯದೆ ಇನ್ನೇನು?

“ಹೊಸದು ಬರೋದು ಶುಕ್ರವಾರ. ಹಸಿರು ರಾಶಿ ಬಿದ್ದಿದೆ, ಕೇಳೋರಿಲ್ಲ. ಎರಡು ದಿನ ಅದರಲ್ಲೇ ಸುತ್ತಿಬಿಡೋಣ. ನೀನು ಹ್ಞೂಂ ಅಂದ್ರೆ ಆಯ್ತು.”

ಹ್ಞೂಂ ಅಂದೆ. ಆದರೆ ಆ ಮಾಲು ಬೇರೆ ಮೂಲೆಯಲ್ಲಿ ಇಡಬೇಕು, ಮೇಲೆ ನನ್ನ ಚೀಟಿ ಇರಬೇಕು ಎಂದೆ. ಬರೆದೆ: ಹಸಿರಿನಲ್ಲಿ ಹಳದಿ ಇದೆ. ನೋಡಿ ಕಳಿಸಿ. – ಲ್ಯಾಬ್.

“ಭೇಷ್. ಚುಟುಕಾಗಿ ಬರೆಯೋದು ನಿನ್ನತ್ರ ಕಲೀಬೇಕು,” ಎಂದ ಮಾವ. ಉಬ್ಬಿಹೋದೆ.

ಮಾರ್ಚ್ 14, ಶುಕ್ರವಾರ

ಹಳದಿ ಬಂತು. ಎಲ್ಲ ಮೊದಲಿನಂತೆ. ಅತ್ತೆಯ, ಅಂದರೆ ಇವರ ಅಮ್ಮನ, ಮೊಣಕಾಲಿನ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ರಜೆ ಬರೆದುಕೊಟ್ಟೆ.

ಏಪ್ರಿಲ್ 24, ಗುರುವಾರ

ಆಸ್ಪತ್ರೆ, ಮನೆ, ಮಿಲ್ಲು... ತಿಂಗಳು ದಾಟಿದ್ದೇ ಗೊತ್ತಾಗಲಿಲ್ಲ. ಅತ್ತೆ ಈಗ ಗೋಡೆ ಹಿಡಿದು ನಡೆಯುತ್ತಾರೆ, ನನ್ನ ಅಡುಗೆಗೆ ಹೆಸರಿಡುವಷ್ಟು ಸುಧಾರಿಸಿದ್ದಾರೆ.

ನೇಯುವವರಿಂದ ಒಂದು ಪೆಟ್ಟಿಗೆ ಉಳಿಕೆ ನೂಲು ವಾಪಸ್ ಬಂದಿತ್ತು. ಎಲ್ಲವೂ ಹಸಿರು ತುದಿ. ನಾರು ಬೇರೆಯಾದರೆ ಹೊಳಪಿನಲ್ಲೇ ತೋರಿಸುವ ನೀಲಿ ದೀಪದ ಕೆಳಗಿಟ್ಟೆ. ಒಂದು ಕೋನಿನ ಹೊಳಪು ಬೇರೆ. ದೀಪ ಒರೆಸಿದೆ. ಆಗಲೂ ಬೇರೆ.

ಎಳೆ ಬಿಚ್ಚಿ ಬೆಂಕಿಕಡ್ಡಿ ಹಿಡಿದೆ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮುಟ್ಟಿದರೆ ಬೂದಿ. ಇದು ಮುದುಡಿತು, ಕರಗಿತು, ತುದಿಯಲ್ಲಿ ಕಪ್ಪು ಮಣಿ ಕಟ್ಟಿತು. ನಾಲ್ಕು ಸಲ ಸುಟ್ಟೆ. ನಾಲ್ಕು ಮಣಿ. ಉಗುರಿಗೂ ಒಡೆಯಲಿಲ್ಲ.

ಮಾರ್ಚಿನ ಆ ಎರಡು ದಿನದ ಮಾಲು ಇದು.

ಏಪ್ರಿಲ್ 25, ಶುಕ್ರವಾರ

ಮಾಲು ಕಳಿಸುವ ಡಿಸ್ಪ್ಯಾಚಿನವನನ್ನು ಕೇಳಿದೆ. ಬಹಳ ಶಿಸ್ತಿನ ಮನುಷ್ಯ.

“ಆ ಚೀಟಿ ತಾನೆ ಅಕ್ಕ? ನೋಡಿದ್ದೆ. ಹಸಿರಿನಲ್ಲಿ ಹಳದಿ ಇದೆ, ನೋಡಿ ಕಳಿಸಿ ಅಂತಿತ್ತು. ಅರ್ಧ ದಿನ ಕೂತು ಒಂದೊಂದೇ ಕೋನು ತಿರುಗಿಸಿ ನೋಡ್ದೆ. ಒಂದಾದ್ರೂ ಹಳದಿ ಸಿಗಬೇಕಲ್ಲ? ಎಲ್ಲಾ ಹಸಿರೇ. ಲ್ಯಾಬಿನೋರಿಗೆ ಏನೋ ಅನುಮಾನ ಅಂದ್ಕೊಂಡು ಚೀಟಿ ಹರಿದು ಹಾಕಿ ಕಳಿಸ್ದೆ.”

ನಾನು ಬರೆದದ್ದು ಹಸಿರು ಕೋನಿನ ಮೇಲೆ ಮಿಕ್ಸ್ ನೂಲು ಇದೆ ಎಂದು. ಅವನು ಓದಿದ್ದು ಹಸಿರು ಕೋನುಗಳ ನಡುವೆ ಹಳದಿ ಕೋನು ಸೇರಿಕೊಂಡಿದೆ ಎಂದು. ಬರೆದಂತೆಯೇ ಮಾಡಿದ್ದಾನೆ. ಬೈಯಲು ಬಾಯಿಲ್ಲ ನನಗೆ.

ಆ ನೂಲು ಹೋದದ್ದು ವೆಲ್ಡಿಂಗ್ ಮಾಡುವವರ ಕೋಟಿನ ಬಟ್ಟೆಗೆ. ಶುದ್ಧ ಹತ್ತಿಯೇ ಬೇಕೆಂದು ಕೇಳುವ ಒಂದೇ ದೊಡ್ಡ ಆರ್ಡರ್. ಹತ್ತಿಯ ಮೇಲೆ ಕಿಡಿ ಬಿದ್ದರೆ ತೂತಾಗುತ್ತದೆ, ಅಷ್ಟೇ. ಮಿಕ್ಸಿನ ಮೇಲೆ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಕಿತ್ತರೆ ಚರ್ಮದ ಸಮೇತ ಬರುತ್ತದೆ. ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಡುವವಳು ನಾನೇ.

ಏಪ್ರಿಲ್ 26, ಶನಿವಾರ

ಸಾಹೇಬರಿಗೆ ಹೇಳಿದೆ. ನಾಲ್ಕು ಮಣಿಗಳನ್ನು ಬಿಳಿ ಕಾಗದದ ಮೇಲಿಟ್ಟು ತೋರಿಸಿದೆ.

“ಅರ್ಧ ಹತ್ತಿ ಇದೆ ತಾನೆ? ಇಡೀ ಪ್ರಪಂಚವೇ ಇದನ್ನ ಹಾಕ್ಕೊಂಡು ಓಡಾಡ್ತಿದೆ.”

“ಇಡೀ ಪ್ರಪಂಚ ವೆಲ್ಡಿಂಗ್ ಮಾಡಲ್ಲ ಸರ್.”

ನಗಲಿಲ್ಲ, ರೇಗಲೂ ಇಲ್ಲ. ಈ ಆರ್ಡರ್ ಹೋದರೆ ಹತ್ತಿಯ ಮೂರು ಲೈನ್ ನಿಲ್ಲಿಸುತ್ತೇನೆ, ನಲವತ್ತು ಜನ ಮನೆಗೆ ಹೋಗುತ್ತಾರೆ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಚೀಟಿ ಬರೆದೋರು ನೀವೇ ಅಲ್ವಾ?”

ಮಣಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದು ಬಂದೆ. ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 27, ಭಾನುವಾರ

ಒಣಗಿದ ಬಟ್ಟೆ ಮಡಚುತ್ತಾ ಇವರಿಗೆ ಹೇಳಿದೆ. ಕೈಯಲ್ಲಿದ್ದ ಟವೆಲನ್ನು ನಾಲ್ಕು ಸಲ ಮಡಚಿದರು.

“ನಲವತ್ತರಲ್ಲಿ ನಾನೂ ಒಬ್ಬ. ನನ್ನ ಕೇಳಿದ್ರೆ ಸುಮ್ನಿರು ಅಂತೀನಿ. ನನ್ನ ಕೇಳ್ಬೇಡ.”

ಮಾವನ ಮನೆಗೆ ಹೋದೆ. ಕುರ್ಚಿಯಿಂದ ಎದ್ದವನು ಮತ್ತೆ ಕೂರಲೇ ಇಲ್ಲ. “ಹೇಳೋದಾದ್ರೆ ನನ್ನ ಹೆಸರು ಹೇಳು. ಜೂನಿಗೆ ಹೇಗೂ ರಿಟೈರ್ ಆಗೋನು.” ಅವನೆದುರು ಅತ್ತುಬಿಟ್ಟೆ.

ಏಪ್ರಿಲ್ 30, ಬುಧವಾರ

ಏನೂ ಮಾಡಲಿಲ್ಲ. ಸ್ಯಾಂಪಲ್ ಎಂಟು, ಎಲ್ಲ ಪಾಲಿಯೆಸ್ಟರ್.

ಮೇ 2, ಶುಕ್ರವಾರ – ಬೆಳಿಗ್ಗೆ 10

ಕೋಟು ಹೊಲಿಯುವವರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು, ಒಳ್ಳೆಯ ದನಿ. ಇನ್ನೂರ ಹತ್ತು ಕೋಟು, ಹಡಗು ರಿಪೇರಿ ಯಾರ್ಡಿಗೆ. ಪ್ಯಾಕ್ ಮಾಡಿ ವಾರಗಟ್ಟಲೆ ಇಲ್ಲೇ ಇತ್ತು ಮೇಡಂ, ಸೋಮವಾರ ತಗೊಂಡು ಹೋದ್ರು ಎಂದಳು. ಯಾಕೆ ಎಂದು ಕೇಳಿದಳು. ಸುಮ್ಮನೆ, ರೆಕಾರ್ಡಿಗೆ, ಎಂದೆ. ಎಂಥ ನಾಲಿಗೆ ಇದು.

ಸೋಮವಾರ. ಗುರುವಾರವೇ ನನಗೆ ಗೊತ್ತಿತ್ತು. ಶುಕ್ರವಾರ, ಶನಿವಾರ ಪೆಟ್ಟಿಗೆಯಲ್ಲೇ ಇದ್ದವು. ನಾನು ಬಟ್ಟೆ ಮಡಚುವಾಗಲೂ ಪೆಟ್ಟಿಗೆಯಲ್ಲೇ ಇದ್ದವು.

ಇನ್ನೂರ ಹತ್ತರಲ್ಲಿ ಯಾವುದರಲ್ಲಿ ಮಿಕ್ಸ್ ಇದೆ ಎಂದು ನೋಡಿ ಹೇಳಲಾಗದು. ಸುಟ್ಟರೆ ಮಾತ್ರ ಗೊತ್ತಾಗುತ್ತದೆ.

ಅದೇ ದಿನ – 11.20

ಯಾರ್ಡಿಗೆ ಫೋನ್ ಹಚ್ಚಿದ್ದೇನೆ, ಲ್ಯಾಬಿನಿಂದಲೇ. ಬಾಗಿಲು ತೆರೆದೇ ಇದೆ, ಕೇಳುವವರು ಕೇಳಲಿ. ಎತ್ತಿದವರು ಫೋರ್‌ಮನ್ ಹಡಗಿನ ಮೇಲಿದ್ದಾರೆ, ಕರೀತೀನಿ, ಇಡಬೇಡಿ ಎಂದು ಹೋದರು. ಕಿವಿಯಲ್ಲಿ ಕಬ್ಬಿಣದ ಸದ್ದು, ಚರಚರ. ಕೆಲಸ ನಡೆದಿದೆ.

ಮಾತು ತಡವರಿಸಬಾರದು, ಬರೆದಿಟ್ಟುಕೊಳ್ಳುತ್ತೇನೆ. ನೂಲಿನ ಮಿಲ್ಲಿನ ಲ್ಯಾಬಿನವಳು. ಹೊಸ ಕೋಟು ಹಾಕಿಕೊಂಡವರೆಲ್ಲ ಈಗಲೇ ಕೆಲಸ ನಿಲ್ಲಿಸಿ ಕೋಟು ಬಿಚ್ಚಬೇಕು. ತಪ್ಪು ನನ್ನದು. ಯಾಕೆ, ಹೇಗೆ ಎಲ್ಲ ಆಮೇಲೆ. ಮೊದಲು ಕೋಟು –

ಫೋರ್‌ಮನ್ ಬಂದರು